ಕೊಡಗಿನ ಅರಸುಕುವರಿ ವಿಕ್ಟೋರಿಯಾ ಗೌರಮ್ಮ

ಬಂಟವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರುಗಳ ಮೇಲೆ ಬೆಳ್ತಂಗಡಿಗೆ ಹೋಗುವ ದಾರಿಯ ಎಡಬಲಗಳಲ್ಲಿ ವಾಸವಾಗಿರುವ ನಮ್ಮ ವಾಚಕರಿಗೆ ಕೊಡಗು ಎಂಬದು ಕೇಳದ ಹೆಸರಲ್ಲ. ಕಾಪಿಯ ತೋಟಗಳ ಕೆಲಸಕ್ಕೆಂದು ಘಟ್ಟ ಹತ್ತಿ ಹೋಗಿ ಬಂದವರು ನಮ್ಮ ಹಳ್ಳಿಗಳಲ್ಲಿ ಅನೇಕರುಂಟು. ಕಲ್ಯಾಣಪ್ಪನ ಕಾಟುಕಾಯಿಯ ಸುದ್ದಿಯನ್ನು ಹಿರಿಯರ ಬಾಯಿಂದ ಕೇಳಿದವರೂ ಉಂಟು. ೧೮೩೭ನೆಯ ಇಸವಿಯಲ್ಲಿ ಸುಳ್ಯದ ಕಡೆಯಿಂದ ಎದ್ದು, ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳನ್ನು ಹಾದು ಮಂಗಳೂರಿನ ವರೆಗೂ ನುಗ್ಗಿ ಹೋದ ಆ ರೈತರ ದಂಡು ಕೊಡಗಿನ ಹಾಲೇರಿ ಅರಸುಮನೆಯ ಹೆಸರನ್ನು ಹೇಳಿಕೊಂಡೇ ಹೊರಟಿತ್ತು. ಆ ಅರಸುಮನೆಯಲ್ಲಿ ಹುಟ್ಟಿ, ಕ್ರೈಸ್ತಳಾಗಿ ಬೆಳೆದು, ಇಪ್ಪತ್ತಮೂರು ತುಂಬುವದಕ್ಕೆ ಮೊದಲೇ ಲಂಡನ್ ಪಟ್ಟಣದ ಮಣ್ಣು ಸೇರಿದ ಒಬ್ಬ ಹೆಣ್ಣುಮಗಳ ವೃತ್ತಾಂತವನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ಆಕೆಯ ಹೆಸರನ್ನು ಕೇಳಿದವರು ಬಹಳ ಮಂದಿ. ಆಕೆಯು ಬಾಳಿದ ಬಾಳನ್ನು ಅರಿತವರು ಸ್ವಲ್ಪವೇ.

ಆಕೆಯ ತಂದೆ ಚಿಕ್ಕವೀರರಾಜೇಂದ್ರನು ೧೮೨೦ರಲ್ಲಿ ಪಟ್ಟವೇರಿದನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೫೬ರಲ್ಲಿ ಬರೆದ ಕಾದಂಬರಿಯನ್ನು ಓದಿದವರಿಗೆ ಅವನ ವಿಷಯವಾಗಿ ನಾವು ಹೆಚ್ಚು ಹೇಳಬೇಕಾದದ್ದಿಲ್ಲ. ಸ್ವಂತ ರಕ್ತಸಂಬಂಧಿಗಳೇ ಅವನ ಭಯದಿಂದ ನಡುಗಿದರು. ಅವನ ತಂಗಿ ದೇವಮ್ಮಾಜಿಯು ತನ್ನ ಗಂಡನೊಡನೆ ೧೮೩೨ರಲ್ಲಿ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಆಶ್ರಯವನ್ನು ಬೇಡಿದಳು. ಅಲ್ಲಿಂದ ಹುಟ್ಟಿದ ಜಗಳವು ಬೆಳೆದು, ೧೮೩೪ರ ಏಪ್ರಿಲಿನಲ್ಲಿ ಕಂಪೆನಿಯ ದಂಡು ನಾಲ್ಕು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಅರಸನು ಪಟ್ಟ ಕಳಕೊಂಡು ಸೆರೆಯಾದನು. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ವಶವಾಯಿತು. ಅಮರಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು ಅದರಿಂದ ಬಿಡಿಸಿ ನಮ್ಮ ಜಿಲ್ಲೆಗೆ ಸೇರಿಸಿದರು. ಅದೇ ೧೮೩೪ರ ಅಕ್ಟೋಬರ ತಿಂಗಳಲ್ಲಿ ಬಾಸೆಲ್ ಮಿಶನಿನ ಮೊದಲ ಮೂವರು ಬೋಧಕರು ಮಂಗಳೂರಿಗೆ ಬಂದಿಳಿದರು. ಈ ಎರಡು ಸಂಗತಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಒಂದೇ ವರುಷದಲ್ಲಿ ಘಟ್ಟದ ಮೇಲೆ ಒಂದು ಅರಸುಮನೆಯು ಬಿದ್ದು, ಘಟ್ಟದ ಕೆಳಗೆ ನಮ್ಮ ಹಿರಿಯರ ಸಭೆಗಳಿಗೆ ಅಸ್ತಿವಾರವು ಬಿದ್ದದ್ದನ್ನು ನೆನಪಿನಲ್ಲಿ ಇಟ್ಟುಕೊಂಡರೆ, ಮುಂದಿನ ಕಥೆಯ ಕಾಲವನ್ನು ತಿಳಿಯುವದು ಸುಲಭವಾಗುವದು.

ಪದಚ್ಯುತನಾದ ಅರಸನನ್ನು ಬೆಂಗಳೂರು, ವೇಲೂರುಗಳ ಮೇಲೆ ಕಾಶಿಗೆ ಕಳುಹಿಸಿದರು. ಅಲ್ಲಿ ಕಂಪೆನಿಯು ಕೊಟ್ಟ ವರ್ಷಾಶನದ ಮೇಲೆ ಅವನು ತನ್ನ ರಾಣಿಯರು, ಮಕ್ಕಳು, ಪರಿವಾರದೊಂದಿಗೆ ದಿನ ಕಳೆದನು. ಆ ಮನೆಯಲ್ಲಿ ೧೮೪೧ರ ಜುಲಾಯಿ ೪ರಂದು ಗೌರಮ್ಮನು ಹುಟ್ಟಿದಳು. ಕಾವೇರಿ ಹುಟ್ಟುವ ನಾಡಿನ ಅರಸನ ಮಗಳು ಗಂಗೆಯ ದಡದಲ್ಲಿ ಕಣ್ಣು ತೆರೆದಳು. ಕೊಡಗಿನ ಬೆಟ್ಟಗಳನ್ನು ಹುಟ್ಟಿನಿಂದ ಸಾವಿನ ವರೆಗೆ ಆಕೆಯು ಒಂದು ಸಾರಿಯೂ ನೋಡಲಿಲ್ಲ. ಅರಸುಮನೆಯವರು ವೀರಶೈವರು. ಕನ್ನಡವೇ ಅವರ ಆಸ್ಥಾನದ ಭಾಷೆಯಾಗಿತ್ತು. ಗೌರಿಯ ಹೆಸರೂ ಆ ಮನೆಗೆ ತಕ್ಕದ್ದೇ. ಮಕ್ಕಳಲ್ಲಿ ತಂದೆಗೆ ಈಕೆಯ ಮೇಲೆ ಬಹಳ ಮಮತೆ ಇತ್ತೆಂದು ತಿಳಿಯುತ್ತದೆ. ತನ್ನ ಜನರನ್ನು ನಡುಗಿಸಿದವನು ಈ ಮಗುವಿನ ಕೈ ಹಿಡಿದುಕೊಂಡೇ ಸಮುದ್ರ ದಾಟಿದನು.

೧೮೫೨ರಲ್ಲಿ ಅರಸನು ಇಂಗ್ಲೆಂಡಿಗೆ ಹೋಗುವದಕ್ಕೆ ಅಪ್ಪಣೆ ಪಡೆದನು. ಭಾರತದ ಅರಸರಲ್ಲಿ ಆ ದೇಶಕ್ಕೆ ಮೊದಲು ಹೋದವರ ಸಾಲಿನಲ್ಲಿ ಅವನ ಹೆಸರು ನಿಲ್ಲುತ್ತದೆ. ಅವನು ಹೇಳಿಕೊಂಡ ಕಾರಣವು ಮಗಳಿಗೆ ಕ್ರೈಸ್ತ ಧರ್ಮದಲ್ಲಿ ಶಿಕ್ಷಣ ಕೊಡಿಸಬೇಕೆಂಬದು. ಅದರ ಹಿಂದೆ ಮತ್ತೊಂದು ಕಾರಣವಿತ್ತು. ಹಾಲೇರಿಯ ಹಿಂದಿನ ಅರಸರು ಕಂಪೆನಿಯಲ್ಲಿ ದೊಡ್ಡ ಮೊತ್ತವನ್ನು ಸಾಲಪತ್ರಗಳ ಮೇಲೆ ಇಟ್ಟಿದ್ದರು. ೧೮೩೪ರಲ್ಲಿ ರಾಜ್ಯದೊಂದಿಗೆ ಆ ಪತ್ರಗಳೂ ಕೈಬಿಟ್ಟವು. ಆ ಹಣವನ್ನು ಲಂಡನಿನ ನ್ಯಾಯಸ್ಥಾನದಲ್ಲಿ ದಾವೆ ಹೂಡಿ ತಿರಿಗಿ ಪಡೆಯಬೇಕೆಂಬದು ಅವನ ಎಣಿಕೆ. ರಾಣಿಯು ತನ್ನ ಮಗಳನ್ನು ಮಡಿಲಿಗೆ ತೆಗೆದುಕೊಂಡರೆ ಆ ದಾವೆಗೆ ಬಲ ಬರುವದೆಂದು ಅವನು ನೆನಸಿರಬೇಕೆಂದು ನಾವು ಹೇಳಿದರೆ ಅನ್ಯಾಯವಾಗಲಾರದು.

ಆ ದೇಶದ ಬೇಸಗೆಯಲ್ಲಿ, ಅಂದರೆ ನಮ್ಮಲ್ಲಿ ಮಳೆ ಹಿಡಿಯುವ ಕಾಲದಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನವಾಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪರೇ ಬಂದು ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯು ಸ್ವತಃ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೇ ಮಗುವಿಗೆ ಕೊಟ್ಟಳು. ಹಿಂದೆ ಭಾರತದ ಗವರ್ನರ್ ಜನರಲನಾಗಿದ್ದ ಹಾರ್ಡಿಂಜ್ ಪ್ರಭುವೂ ಕಂಪೆನಿಯ ಮುಖ್ಯಸ್ಥರಲ್ಲಿ ಒಬ್ಬನಾದ ಸರ್ ಜೇಮ್ಸ್ ಹಾಗನೂ ಮೇಜರ್ ಡ್ರಮಂಡನ ಪತ್ನಿಯೂ ಜತೆಯ ಸಾಕ್ಷಿಗಳು. ಮಗುವಿಗೆ ಆಗ ಹನ್ನೊಂದರ ಹೊಸ್ತಿಲು. ಇಲ್ಲಿ ನಮಗೆ ಹಿಡಿಸಿದ ಒಂದು ಸಂಗತಿಯನ್ನು ಹೇಳದೆ ಇರಲಾರೆವು: ಹೊಸ ಹೆಸರನ್ನು ಕೊಟ್ಟವರು ಹಳೆಯದನ್ನು ಕಿತ್ತುಹಾಕಲಿಲ್ಲ. ಆಕೆಯು ಕೊನೆಯ ವರೆಗೂ ವಿಕ್ಟೋರಿಯಾ ಗೌರಮ್ಮನಾಗಿಯೇ ಉಳಿದಳು.

ತಂದೆಯು ವೀರಶೈವನಾಗಿಯೇ ಇದ್ದು ಮಗಳನ್ನು ಕ್ರೈಸ್ತ ಸಭೆಗೆ ಒಪ್ಪಿಸಿದ ಈ ವಿಧವು ನಮ್ಮ ಸಭೆಗಳ ಚರಿತ್ರೆಗೆ ತಲೆಕೆಳಗಾದದ್ದು. ಎಂಟು ವರುಷಗಳ ಹಿಂದೆ, ೧೮೪೪ರಲ್ಲಿ, ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಊರೇ ಎದ್ದಿತ್ತು. ಅವರ ಮನೆಯವರ ಪಾಲಿಗೆ ಅವರು ಸತ್ತವರಂತಾದರು. ಅಲ್ಲಿ ಪ್ರಾಯಕ್ಕೆ ಬಂದ ತರುಣನೊಬ್ಬನು ತಾನೇ ಆರಿಸಿಕೊಂಡನು, ಬೆಲೆಯನ್ನೂ ತಾನೇ ತೆತ್ತನು. ಇಲ್ಲಿ ಆರಿಸಿಕೊಂಡವರು ದೊಡ್ಡವರು. ಬೆಲೆ ತೆತ್ತದ್ದು ಮಗು. ಕೌಂಡಿನ್ಯರ ಗುರುವಾದ ಹೆರ್ಮನ್ ಮೊಗ್ಲಿಂಗರು ಗೌರಮ್ಮನ ದೀಕ್ಷಾಸ್ನಾನದ ಮರುವರುಷವೇ ಕೊಡಗಿಗೆ ಹೋಗಿ ಅಲ್ಲಿ ಸುವಾರ್ತೆಯ ಕೆಲಸವನ್ನು ಆರಂಭಿಸಿದರು. ೧೮೫೫ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ಕೊಡಗಿನ ಚರಿತ್ರೆಯ ಇಂಗ್ಲಿಷ್ ಪುಸ್ತಕವು ಹಾಲೇರಿ ಅರಸರ ಕಥೆಯನ್ನು ಹೊರಗಿನವರಿಗೆ ತಿಳಿಸಿತು. ಹೀಗೆ ಮಗಳು ಕೊಡಗನ್ನು ನೋಡದೆ ಲಂಡನಿನಲ್ಲಿ ಸಭೆಗೆ ಸೇರಿದಳು. ಕೊಡಗಿನಲ್ಲಿಯೋ, ಆಕೆಯ ತಂದೆಗೆ ಊಳಿಗ ಮಾಡಿದ ಬಡವರ ಮಕ್ಕಳು ಮೊಗ್ಲಿಂಗರ ಮುಂದೆ ಕುಳಿತು ಸತ್ಯವೇದವನ್ನು ಕಲಿತರು.

ದೀಕ್ಷಾಸ್ನಾನವು ಮುಗಿದ ಮೇಲೆ ಗೌರಮ್ಮನನ್ನು ಡ್ರಮಂಡ್ ದೊರೆಸಾನಿಯ ವಶಕ್ಕೆ ಕೊಟ್ಟರು. ಇಂಗ್ಲಿಷ್ ಮನೆಯಲ್ಲಿ ಇಂಗ್ಲಿಷ್ ಹುಡುಗಿಯಂತೆ ಆಕೆಯನ್ನು ಬೆಳೆಸಬೇಕೆಂಬದೇ ಏರ್ಪಾಡು. ಪಾಠ, ಪ್ರಾರ್ಥನೆ, ಭಾನುವಾರದ ಆರಾಧನೆ, ಮೇಜಿನ ಬಳಿಯಲ್ಲಿ ನಡೆದುಕೊಳ್ಳುವ ಕ್ರಮ, ಬಂದ ಅತಿಥಿಗಳೊಡನೆ ಆಡಬೇಕಾದ ಮಾತು, ಎಲ್ಲವೂ ಹೊಸತು. ಚಳಿಯೂ ಹೊಸತು. ರಾಣಿಯು ಆಗಾಗ್ಗೆ ಅರಮನೆಗೆ ಕರೆಸಿಕೊಳ್ಳುತ್ತಿದ್ದಳು. ರಾಣಿಯ ಹಿರಿಯ ಮಗಳು ಗೌರಮ್ಮನಿಗಿಂತ ಏಳೆಂಟು ತಿಂಗಳು ಮಾತ್ರ ದೊಡ್ಡವಳು. ಹೆಸರಾಂತ ಚಿತ್ರಗಾರನಾದ ವಿಂಟರ್‌ಹಾಲ್ಟರನಿಂದ ರಾಣಿಯು ಆಕೆಯ ಚಿತ್ರವನ್ನು ಬರೆಸಿದಳು. ಅದರಲ್ಲಿ ಗೌರಮ್ಮನು ನಮ್ಮ ದೇಶದ ಉಡುಪನ್ನು ಉಟ್ಟು, ಒಡವೆಗಳನ್ನು ತೊಟ್ಟು ನಿಂತಿದ್ದಾಳೆ. ಮಾರೊಕೆಟ್ಟಿ ಎಂಬ ಶಿಲ್ಪಿಯು ಆಕೆಯ ಮುಖವನ್ನು ಅಮೃತಶಿಲೆಯಲ್ಲಿ ಕಡೆದನು. ಇವೆರಡೂ ರಾಣಿಯ ಸಂಗ್ರಹದಲ್ಲಿ ಸೇರಿ ಇಂದಿಗೂ ಉಳಿದಿವೆ. ಈ ಚಿತ್ರವನ್ನು ನೋಡಿದಾಗೆಲ್ಲಾ ನಮಗೆ ಒಂದು ಯೋಚನೆ ಬರುತ್ತದೆ: ಇಂಗ್ಲಿಷ್ ಹುಡುಗಿಯಾಗಿ ಬೆಳೆಯಬೇಕೆಂದು ಕಟ್ಟುಮಾಡಿದವರೇ, ಚಿತ್ರಕ್ಕೆ ನಿಲ್ಲಿಸುವಾಗ ಆಕೆಯು ಕೊಡಗಿನ ಅರಸುಕುವರಿಯಾಗಿ ಕಾಣಬೇಕೆಂದು ಬಯಸಿದರು. ಎರಡನ್ನೂ ಒಟ್ಟಿಗೆ ಹೊತ್ತು ನಡೆಯುವದು ಒಂದು ಮಗುವಿನ ಹೆಗಲಿಗೆ ಸಣ್ಣ ಭಾರವಲ್ಲ.

ಇದಕ್ಕಿಂತ ಭಾರವಾದದ್ದು ತಂದೆಯ ಅಗಲಿಕೆ. ಅವನು ಅದೇ ಪಟ್ಟಣದಲ್ಲಿದ್ದನು. ಆದರೆ ಅವನ ನಡತೆಯೂ ಪರಿವಾರವೂ ಮಗಳ ಹೊಸ ಧರ್ಮಕ್ಕೆ ಕೇಡು ತರುವವೆಂದು ರಾಣಿಯೂ ಪಾಲಕರೂ ಹೆದರಿ, ತಂದೆ ಮಕ್ಕಳು ಕಾಣುವದಕ್ಕೆ ಮಿತಿ ಹಾಕಿದರು. ಮಗಳನ್ನು ನೋಡಬೇಕಾದರೆ ತಂದೆಯು ಪರರ ಅಪ್ಪಣೆಯನ್ನು ಕಾಯಬೇಕಾಯಿತು. ಆ ತಂದೆಯ ಹಿಂದಿನ ಕೆಲಸಗಳನ್ನು ನಾವು ಮರೆತಿಲ್ಲ. ಹೆದರಿದವರಿಗೆ ಕಾರಣವಿರಲಿಲ್ಲವೆಂದೂ ಹೇಳೆವು. ಆದರೂ ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ತಮ್ಮ ಅಜ್ಜ ಅಜ್ಜಿಯರು ಸಭೆಗೆ ಸೇರಿದಾಗ ತರವಾಡಿನ ಬಾಗಿಲು ಮುಚ್ಚಿದ ಕಥೆಯನ್ನು ಕೇಳಿ ಬಲ್ಲರು. ಅವರಿಗೆ ಆ ಬಾಗಿಲನ್ನು ಮುಚ್ಚಿದವರು ಬಿಟ್ಟುಬಂದ ಮನೆಯವರು. ಗೌರಮ್ಮನಿಗೆ ಅದನ್ನು ಮುಚ್ಚಿದವರು ಸೇರಿಸಿಕೊಂಡ ಮನೆಯವರು. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗೆ ಉಂಟೆಂದು ನೆನಸುತ್ತೇವೆ. ತಂದೆ ತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯು ಆಕೆಯು ಕಲಿತ ಹತ್ತು ಆಜ್ಞೆಗಳಲ್ಲಿಯೂ ಇತ್ತು.

ಆಕೆಯ ಗೆಳೆತನಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಂಜಾಬಿನ ಮಹಾರಾಜ ದಲೀಪ್ ಸಿಂಗನದು. ಅವನು ೧೮೩೮ರಲ್ಲಿ ಹುಟ್ಟಿದವನು. ಹತ್ತು ತುಂಬಿದ ಮೇಲೆ, ೧೮೪೯ರಲ್ಲಿ, ಅವನ ರಾಜ್ಯವನ್ನು ಕಂಪೆನಿಯು ತೆಗೆದುಕೊಂಡಿತು. ಕೊಹಿನೂರ್ ವಜ್ರವೂ ಹೋಯಿತು. ತಾಯಿಯಿಂದಲೂ ಅವನನ್ನು ಅಗಲಿಸಿದರು. ೧೮೫೩ರಲ್ಲಿ ಫತೇಗಡದಲ್ಲಿ ದೀಕ್ಷಾಸ್ನಾನ ಹೊಂದಿ, ಮರುವರುಷ ಇಂಗ್ಲೆಂಡಿಗೆ ಬಂದನು. ಇಬ್ಬರೂ ರಾಜ್ಯ ಕಳಕೊಂಡ ಮನೆಯ ಮಕ್ಕಳು, ಇಬ್ಬರೂ ಹೊಸದಾಗಿ ಕ್ರೈಸ್ತರಾದವರು, ಇಬ್ಬರಿಗೂ ರಾಣಿಯೇ ದಿಕ್ಕು. ಇವರಿಬ್ಬರಿಗೆ ಮದುವೆಯಾದರೆ ಭಾರತದ ಕ್ರೈಸ್ತರಿಗೆ ಒಂದು ಅರಸುಮನೆಯೇ ಆದೀತು, ಅದನ್ನು ನೋಡಿ ಇತರ ಅರಸುಮನೆಗಳವರೂ ಕಲಿತಾರು ಎಂದು ರಾಣಿಯು ಬಹಳವಾಗಿ ಆಶಿಸಿದಳು. ದಲೀಪನು ಒಪ್ಪಲಿಲ್ಲ. ಅವನು ಆಕೆಯನ್ನು ಗೆಳತಿಯಂತೆ, ತಂಗಿಯಂತೆ ಪ್ರೀತಿಸಿದನು. ಮದುವೆಯ ಮನಸ್ಸು ಮಾತ್ರ ಬರಲಿಲ್ಲ. ಗೌರಮ್ಮನು ಅದರಿಂದ ಅವನೊಡನೆ ಮುನಿದುಕೊಳ್ಳಲಿಲ್ಲ. ಪಾಲಕರಿಗೆ ಹೇಳದ ಮಾತನ್ನು ಅವನಿಗೆ ಹೇಳಿಕೊಂಡಳು, ಕಷ್ಟಗಳನ್ನು ಅವನಿಗೆ ಬರೆದಳು. ಆ ದೊಡ್ಡ ಪಟ್ಟಣದಲ್ಲಿ ತನ್ನಂತೆಯೇ ಎರಡು ಕಡೆಗೂ ಸೇರದೆ ನಿಂತವನು ಅವನೊಬ್ಬನೇ ಎಂದು ಆಕೆಗೆ ತೋರಿರಬೇಕು. ದೊಡ್ಡವರು ಮದುವೆಯ ಲೆಕ್ಕ ಹಾಕುತ್ತಿದ್ದಲ್ಲಿ ಈ ಇಬ್ಬರು ಎಳೆಯರು ಗೆಳೆತನವನ್ನು ಕೆಡಿಸಿಕೊಳ್ಳದೆ ಉಳಿಸಿಕೊಂಡದ್ದು ನಮ್ಮ ದೃಷ್ಟಿಗೆ ಅವರ ಬಾಳಿನ ಒಳ್ಳೆಯ ಸಂಗತಿಗಳಲ್ಲಿ ಒಂದು.

ಕೆಲವು ವರುಷಗಳ ಬಳಿಕ ದಲೀಪನನ್ನು ಸಾಕಿದ ಸರ್ ಜಾನ್ ಲಾಗಿನ್ ದಂಪತಿಗಳ ಕೈಗೆ ಗೌರಮ್ಮನನ್ನೂ ಒಪ್ಪಿಸಿದರು. ಪ್ರಾಯ ಹದಿನಾರು ಹದಿನೇಳಾಯಿತು. ೧೮೫೭ರ ದಂಗೆಯ ಸುದ್ದಿ ಬಂದು ಲಂಡನಿನವರೆಲ್ಲರ ಬಾಯಲ್ಲಿ ಭಾರತದವರ ಮೇಲಿನ ಸಿಟ್ಟಿನ ಮಾತೇ ತುಂಬಿದ್ದ ಕಾಲವದು. ಆಕೆಯ ಮನಸ್ಸು ಒಂದೆಡೆ ನಿಲ್ಲದಾಯಿತು. ಪಾಲಕರು ಆಕೆಯನ್ನು ಶಾಲೆಯ ಹುಡುಗಿಯಂತೆ ನೋಡಿದರು; ಆಕೆಗೆ ದೊಡ್ಡವಳಾಗಬೇಕೆಂಬ ಆಶೆ. ದೊಡ್ಡವರ ಕೂಟಗಳಿಗಿಂತ ಮನೆಯ ಆಳುಹೆಂಗಸರ ಮಾತುಕಥೆಯೇ ಆಕೆಗೆ ಹಿತವಾಗಿ ತೋರಿತು. ಬಳಿಕ ಲೇಡಿ ಕ್ಯಾಥರಿನ್ ಹಾರ್ಕೋರ್ಟ್ ಎಂಬಾಕೆಯ ಮನೆಗೆ ಕಳುಹಿಸಿದರು. ಪಾಲಕರ ಮನೆಯಿಂದ ತಪ್ಪಿಸಿಕೊಂಡು ಹೋಗಲು ಆಕೆಯು ಹವಣಿಸಿದಳು. ಸೇವಕನೊಬ್ಬನೊಡನೆ ಓಡಿಹೋಗುವ ಯೋಚನೆಯಿತ್ತೆಂದು ಬರೆದಿಟ್ಟವರಿದ್ದಾರೆ. ಆಕೆಯ ವೃತ್ತಾಂತವನ್ನು ಹೇಳುವ ಕೆಲವರು ಈ ಭಾಗವನ್ನು ಮುಚ್ಚಿಡುತ್ತಾರೆ, ಇನ್ನು ಕೆಲವರು ಇದನ್ನೇ ಚಪ್ಪರಿಸಿ ಹೇಳುತ್ತಾರೆ. ನಾವು ಎರಡನ್ನೂ ಮಾಡೆವು. ಹತ್ತು ವರುಷದೊಳಗೆ ಮೂರು ನಾಲ್ಕು ಮನೆಗಳ ಹೊಸ್ತಿಲು ದಾಟಿ, ಯಾವ ಮನೆಯೂ ತನ್ನದಾಗದೆ, ತನ್ನ ದಿನಗಳನ್ನು ಬೇರೆಯವರು ಪತ್ರಗಳಲ್ಲಿ ಬರೆದು ನಿಶ್ಚಯಿಸುವದನ್ನು ಕಂಡ ಹುಡುಗಿಯು ಬಾಗಿಲಿನ ಕಡೆಗೆ ನೋಡಿದರೆ ಆಶ್ಚರ್ಯವೇನು? ನಮ್ಮ ಹಾಸ್ಟೆಲುಗಳಲ್ಲಿ ಮಕ್ಕಳನ್ನು ಬಿಟ್ಟು ಬರುವ ತಂದೆ ತಾಯಿಗಳೂ, ಅಂಥ ಮಕ್ಕಳ ಮೇಲ್ವಿಚಾರಣೆ ಮಾಡುವವರೂ ಈ ಭಾಗವನ್ನು ಎರಡು ಸಾರಿ ಓದಿದರೆ ನಮಗೆ ಸಂತೋಷ.

೧೮೫೯ರ ಸೆಪ್ಟಂಬರ ೨೪ರಂದು ಚಿಕ್ಕವೀರರಾಜೇಂದ್ರನು ಲಂಡನಿನಲ್ಲಿ ತೀರಿಹೋದನು. ಕೆನ್ಸಲ್ ಗ್ರೀನ್ ಎಂಬಲ್ಲಿಯ ಸ್ಮಶಾನದಲ್ಲಿ ಅವನನ್ನು ಹೂಳಿದರು. ವೀರಶೈವರು ಹೂಳುವವರೇ ಆದದರಿಂದ ಪರದೇಶದಲ್ಲಿಯೂ ಆ ಒಂದು ವಿಷಯದಲ್ಲಿ ಅವನ ಮತಕ್ಕೆ ಭಂಗ ಬರಲಿಲ್ಲ. ಅವನು ಹೂಡಿದ ದಾವೆಯನ್ನು ಮರುವರುಷ ನ್ಯಾಯಾಧಿಪತಿಗಳು ತಳ್ಳಿಹಾಕಿದರು. ಯುದ್ಧದಲ್ಲಿ ಗೆದ್ದ ಸರಕಾರವು ತೆಗೆದುಕೊಂಡದ್ದನ್ನು ಕೋರ್ಟು ವಿಚಾರಿಸಲಾರದು ಎಂಬದೇ ತೀರ್ಪಿನ ತಿರುಳು. ಯಾವ ಹಣಕ್ಕಾಗಿ ಅವನು ಸಮುದ್ರ ದಾಟಿ ಬಂದನೋ ಆ ಹಣವು ದೊರೆಯಲಿಲ್ಲ. ಯಾವ ಮಗಳನ್ನು ಮುಂದಿಟ್ಟುಕೊಂಡು ಬಂದನೋ ಆ ಮಗಳೂ ಅವನಿಗೆ ಉಳಿಯಲಿಲ್ಲ.

ಇದೇ ೧೮೬೦ರಲ್ಲಿ ಗೌರಮ್ಮನ ಮದುವೆಯಾಯಿತು. ವರನು ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಲೇಡಿ ಲಾಗಿನಳ ಸಹೋದರನು. ಆಕೆಗೆ ಹತ್ತೊಂಬತ್ತು, ಅವನು ಐವತ್ತರ ಸಮೀಪದವನು, ಮೊದಲ ಹೆಂಡತಿಯನ್ನು ಕಳಕೊಂಡವನು, ಮಕ್ಕಳುಳ್ಳವನು. ದಲೀಪನೂ ಈ ಸಂಬಂಧವನ್ನು ಕೂಡಿಸುವದಕ್ಕೆ ನೆರವಾದನು. ಕಡೆಗೂ ತನ್ನದೊಂದು ಮನೆ ಆಕೆಗೆ ಆಯಿತು. ೧೮೬೧ರ ಜುಲಾಯಿಯಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಮಗುವಿಗೆ ಈಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಕೊಡಗನ್ನು ಕಾಣದ ತಾಯಿಯು, ಕೊಡಗನ್ನು ಕಾಣಲಾರದ ಮಗಳಿಗೆ ಆ ಮನೆತನದ ಹೆಸರನ್ನು ದಾಟಿಸಿದಳು.

ಆದರೆ ಗಂಡನು ಆಕೆಯ ಹಣದ ಮೇಲೆ ಕಣ್ಣಿಟ್ಟವನೆಂಬದು ಬೇಗನೆ ತಿಳಿದುಬಂತು. ಅವನಿಗೆ ಜೂಜಿನ ಚಟವಿತ್ತು. ಆಕೆಯ ಆರೋಗ್ಯವೋ ಎಂದೂ ಬಲವಾದದ್ದಲ್ಲ. ಆ ದೇಶದ ಚಳಿಯೂ ಹೊಗೆಯೂ ಎದೆಗೆ ತಾಕಿ ಕ್ಷಯರೋಗವು ಹಿಡಿಯಿತು. ಆ ಕಾಲದಲ್ಲಿ ಅದಕ್ಕೆ ಮದ್ದಿಲ್ಲ. ಆ ರೋಗದ ಕ್ರಿಮಿಯನ್ನು ಕಂಡುಹಿಡಿದದ್ದೇ ೧೮೮೨ರಲ್ಲಿ. ೧೮೬೪ರ ಪುನರುತ್ಥಾನದ ಹಬ್ಬವು ಮಾರ್ಚ್ ೨೭ರಂದು ಬಿದ್ದಿತ್ತು. ಅದಾದ ಮೂರನೆಯ ದಿನ, ಮಾರ್ಚ್ ೩೦ರ ಬುಧವಾರ, ಗೌರಮ್ಮನು ತೀರಿಕೊಂಡಳು. ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ.

ಬ್ರಾಂಪ್ಟನ್ ಎಂಬಲ್ಲಿಯ ಸ್ಮಶಾನದಲ್ಲಿ ಆಕೆಯನ್ನು ಹೂಳಿದರು. ಕಲ್ಲಿನ ಮೇಲೆ ಬರೆಯಬೇಕಾದ ಮಾತುಗಳನ್ನು ರಾಣಿಯೇ ಏರ್ಪಡಿಸಿದಳು. ಆಕೆಯು ಕೊಡಗಿನ ಅರಸನ ಮಗಳೆಂಬದೂ, ಎಳೆಯ ಪ್ರಾಯದಲ್ಲಿ ಆ ದೇಶಕ್ಕೆ ಬಂದು ದೀಕ್ಷಾಸ್ನಾನ ಹೊಂದಿದ್ದೂ ಅಲ್ಲಿ ಬರೆದಿದೆ. ಕೆಳಗೆ ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯದ ೧೬ನೆಯ ವಚನ. ನಮ್ಮ ಸಭೆಗಳಲ್ಲಿ ಆ ವಚನವನ್ನು ಅರಿಯದವರಿಲ್ಲ: ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತನಗುಂಟೆಂದು ಒಳ್ಳೇ ಕುರುಬನು ಹೇಳುವ ಸ್ಥಳವದು. ರಾಣಿಯು ಅದನ್ನು ಪ್ರೀತಿಯಿಂದಲೇ ಆರಿಸಿದಳು. ಆದರೆ ಹನ್ನೆರಡು ವರುಷ ಆ ಹಟ್ಟಿಯೊಳಗೇ ಬಾಳಿದ ಮೇಲೆಯೂ ಆಕೆಯು ಹೊರಗಿನಿಂದ ಬಂದವಳೆಂಬದನ್ನು ಕಲ್ಲು ಮರೆಯಲಿಲ್ಲವಲ್ಲಾ ಎಂದು ನಮಗೆ ತೋರದೆ ಇಲ್ಲ.

ಆಕೆಯ ಭಕ್ತಿ ಎಂಥದು ಎಂದು ಕೇಳುವ ವಾಚಕರು ಇರಬಹುದು. ಹೃದಯವನ್ನು ಶೋಧಿಸುವದು ನಮ್ಮ ಕೆಲಸವಲ್ಲ. ನಮಗೆ ಕಾಣುವದು ಇಷ್ಟೇ: ತಂದೆಯ ಲೆಕ್ಕಾಚಾರದಿಂದ ಆಕೆಯು ಸಭೆಯೊಳಗೆ ಬಂದಳು, ಆ ಲೆಕ್ಕಾಚಾರವು ಸುಳ್ಳಾಗಿ ತಂದೆಯೂ ಸತ್ತ ಬಳಿಕ, ಅದರಲ್ಲಿ ಉಳಿಯಬೇಕಾದ ಲಾಭವೇನೂ ಇರಲಿಲ್ಲ. ಪಾಲಕರ ಮನೆಯಿಂದ ಓಡಿಹೋಗಲು ಎಣಿಸಿದವಳು ಸಭೆಯಿಂದ ಓಡಿಹೋಗಲಿಲ್ಲ. ತನ್ನ ಮಗುವಿಗೂ ಅಲ್ಲಿಯೇ ಹೆಸರು ಕೊಡಿಸಿದಳು. ದಲೀಪನ ದಾರಿ ಬೇರೆಯಾಯಿತು. ಅವನು ಸರಕಾರದೊಡನೆ ಬಹುಕಾಲ ಹೋರಾಡಿ ಬೇಸತ್ತು ೧೮೮೬ರಲ್ಲಿ ಏಡನಿನಲ್ಲಿ ತಿರಿಗಿ ಸಿಖ್ಖ ಧರ್ಮವನ್ನು ಸೇರಿದನು.

ಗೆಳತಿಯು ಸತ್ತ ಸುಮಾರು ಹತ್ತು ವಾರಗಳಿಗೆ, ೧೮೬೪ರ ಜೂನಿನಲ್ಲಿ, ದಲೀಪನು ಅಲೆಗ್ಸಾಂಡ್ರಿಯದಲ್ಲಿ ಮದುವೆಯಾದನು. ವಧು ಅರಸುಕುವರಿಯಲ್ಲ. ಕೈರೋ ಪಟ್ಟಣದ ಅಮೇರಿಕನ್ ಮಿಶನ್ ಶಾಲೆಯಲ್ಲಿ ಬೆಳೆದು ಅಲ್ಲಿಯೇ ಚಿಕ್ಕಮಕ್ಕಳಿಗೆ ಪಾಠ ಹೇಳುತ್ತಿದ್ದ ಬಂಬಾ ಮುಲ್ಲರ್ ಎಂಬ ಹುಡುಗಿ. ನಮ್ಮ ಮಿಶನ್ ಶಾಲೆಗಳ ಟೀಚರಮ್ಮನವರು ಇದನ್ನು ಓದಿ ನಗಬಹುದು, ನಗಲಿ.

ಕರ್ನಲ್ ಕ್ಯಾಂಪ್‌ಬೆಲನು ೧೮೬೭ರಲ್ಲಿ ಒಂದು ದಿನ ತನ್ನ ವಸತಿಯಿಂದ ಹೊರಟವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಗೌರಮ್ಮನ ಒಡವೆಗಳು ಅವನ ಕೈಯಲ್ಲಿದ್ದವೆಂದು ಜನರು ಹೇಳಿದರು, ಅವೂ ಸಿಕ್ಕಲಿಲ್ಲ. ಹೀಗೆ ಎಳೆಯ ಪ್ರಾಯದಲ್ಲಿಯೇ ತಾಯಿಯನ್ನೂ ತಂದೆಯನ್ನೂ ಕಳಕೊಂಡ ಈಡಿತಳು ಬೇರೆಯವರ ಆಸರೆಯಲ್ಲಿ ಬೆಳೆದು, ೧೮೮೨ರಲ್ಲಿ ಹೆನ್ರಿ ಯಾರ್ಡ್ಲಿ ಎಂಬವನನ್ನು ಮದುವೆಯಾದಳು. ೨೦೧೦ರಲ್ಲಿ ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ಆ ಮೇಲೆಯೇ ಆಕೆಯ ಹೆಸರು ಮಡಿಕೇರಿಯ ಮನೆಗಳಲ್ಲಿ ಮತ್ತೊಮ್ಮೆ ಕೇಳಿಸಲಾರಂಭಿಸಿತು. ತಂದೆಯ ಸಮಾಧಿಯು ಕೆನ್ಸಲ್ ಗ್ರೀನಿನಲ್ಲಿಯೂ ಮಗಳದು ಬ್ರಾಂಪ್ಟನಿನಲ್ಲಿಯೂ ಇವೆ. ಎರಡೂ ಲಂಡನ್ ಪಟ್ಟಣದೊಳಗೇ. ನಡುವೆ ಇರುವದು ನಮ್ಮ ಹಳ್ಳಿಗಳವರು ಭಾನುವಾರ ಆರಾಧನೆಗೆ ನಡೆದು ಹೋಗುವಷ್ಟು ದೂರ.